ಯೆರವಡಾ ಜೈಲಿನಲ್ಲಿರುವ ತಮ್ಮನಿಗಾಗಿ ಅಕ್ಕನ ಪ್ರಶ್ನೆ

ಪ್ರಶ್ನೆ: ನಾವು ಇಂಡಿ ತಾಲೂಕಿನವರು. ಪುಣೆಯ ಹಡಪಸರದಲ್ಲಿ ಕಟ್ಟಡದ ಕೆಲಸ ಮಾಡಿಕೊಂಡಿದ್ದೇವೆ. ಕಬ್ಬಿಣದ ಸರಳು ಕದ್ದ ಆರೋಪದಲ್ಲಿ ನನ್ನ ತಮ್ಮ ಹತ್ತು ತಿಂಗಳಿನಿಂದ ಯೆರವಡಾ ಜೈಲಿನಲ್ಲಿದ್ದಾನೆ. ಇದು ಅವನ ಮೇಲಿನ ಮೊದಲ ಪ್ರಕರಣ. ಅವನಿಗೆ ಮರಾಠಿ ಬಾರದು. ವಕೀಲರಿಗೆ ಕೊಡಲು ನಮ್ಮಲ್ಲಿ ಹಣವಿಲ್ಲ. ನಾಚಿಕೆಯಿಂದ ನಾನು ನೋಡಲೂ ಹೋಗಿಲ್ಲ. ಒಳಗೆ ಅವನು ಏನಾದರೂ ಕೆಲಸ ಕಲಿಯಬಹುದೇ?
– ಒಬ್ಬ ಅಕ್ಕ, ಹಡಪಸರ

ಉತ್ತರ: ತಂಗಿ, ಕೆಲಸದ ಮಾತು ಆಮೇಲೆ. ಮೊದಲು ಹೋಗಿ ಅವನನ್ನು ನೋಡಿ. ಕಾನೂನು ನೆರವಿನ ವಕೀಲೆಯಾಗಿ ನಾನು ವರ್ಷಗಟ್ಟಲೆ ಜೈಲುಗಳಿಗೆ ಓಡಾಡಿದ್ದೇನೆ. ಮುಲಾಖತ್ತಿಗೆ ಯಾರೂ ಬಾರದ ಹುಡುಗರು ತಮ್ಮ ತಾರೀಖನ್ನು ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ನಿಮ್ಮೂರ ಕಡೆಯ ಹುಡುಗನೊಬ್ಬ ನನ್ನ ಕನ್ನಡ ಕೇಳಿದೊಡನೆ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ. ತನ್ನ ಮೇಲೆ ಯಾವ ಕಲಮು ಹಾಕಿದ್ದಾರೆ ಎಂಬುದು ಅವನಿಗೆ ಅಂದಿನವರೆಗೂ ಗೊತ್ತಿರಲಿಲ್ಲ. ಆ ಮುಖ ನನಗೆ ಇನ್ನೂ ಮರೆತಿಲ್ಲ.

ಹೋಗುವಾಗ ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಪ್ರಕರಣದ ಸಂಖ್ಯೆ, ಕಲಮು, ಬಂಧಿಸಿದ ದಿನಾಂಕ, ಈ ಮೂರನ್ನು ಕೇಳಿ ಬರೆದುಕೊಳ್ಳಿ. ಅಲ್ಲಿಂದ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರಿಗೆ ಉಚಿತ ವಕೀಲರನ್ನು ಕೊಡಬೇಕು, ಆದಾಯದ ಪ್ರಶ್ನೆಯೇ ಇಲ್ಲ. ಇದು ನಿಮ್ಮ ಹಕ್ಕು, ಕೈಮುಗಿದು ಬೇಡಬೇಕಾಗಿಲ್ಲ. ಹೋಗಲಾಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ತಮ್ಮನಿಗೆ ಮರಾಠಿ ಬಾರದೆಂದು ಆ ವಕೀಲರಿಗೆ ಮೊದಲೇ ಹೇಳಿ. ಸಾಕ್ಷಿಗಳ ಮಾತನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ನ್ಯಾಯಾಲಯದಲ್ಲೇ ವಿವರಿಸಬೇಕೆಂಬ ನಿಯಮವಿದೆ. ಯಾರೂ ಬಾಯಿಬಿಡದಿದ್ದರೆ ಅದು ಹಾಗೆಯೇ ತಪ್ಪಿಹೋಗುತ್ತದೆ.

ಇನ್ನು ಒಂದು ಲೆಕ್ಕ, ಬೆರಳು ಮಡಚಿ ಎಣಿಸಿ. ಸಾಮಾನ್ಯ ಕಳ್ಳತನಕ್ಕೆ ಮೊದಲ ಸಲಕ್ಕೆ ಗರಿಷ್ಠ ಶಿಕ್ಷೆ 3 ವರ್ಷ. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದರೆ ಅವನನ್ನು ಬಿಡಬೇಕೆಂದು ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಹೇಳುತ್ತದೆ. ಅಂದರೆ 1 ವರ್ಷ. ನಿಮ್ಮ ತಮ್ಮನಿಗೆ ಉಳಿದಿರುವುದು ಎರಡೇ ತಿಂಗಳು! ಆ ದಿನ ಬಂದಾಗ ಜೈಲಿನ ಅಧೀಕ್ಷಕರೇ ನ್ಯಾಯಾಲಯಕ್ಕೆ ಅರ್ಜಿ ಬರೆಯಬೇಕು. ಆದರೂ ದಿನಾಂಕವನ್ನು ನೀವು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ವಕೀಲರಿಗೆ ನೆನಪಿಸಿ. ಬೇರೆ ಪ್ರಕರಣವೂ ಬಾಕಿಯಿದ್ದರೆ, ಅಥವಾ ಕಲಮು ಬೇರೆಯಾಗಿದ್ದರೆ ಲೆಕ್ಕ ಬದಲಾಗುತ್ತದೆ. ಅದಕ್ಕೇ ಆ ಮೂರು ವಿವರ ಬೇಕೆಂದದ್ದು. ಅಷ್ಟು ದಿನ ಕಾಯಬೇಕೆಂದೂ ಇಲ್ಲ, ಜಾಮೀನಿಗೆ ಇಂದೇ ಅರ್ಜಿ ಹಾಕಬಹುದು. ಜಾಮೀನು ಸಿಕ್ಕಿಯೂ ಕಟ್ಟಲು ಹಣವಿಲ್ಲವೆಂದಾದರೆ ಬಡ ಕೈದಿಗಳಿಗಾಗಿ ಕೇಂದ್ರ ಸರ್ಕಾರದ ಯೋಜನೆಯಿದೆ, ಹಣದ ನೆರವು ಸಿಗುತ್ತದೆ. ಅದನ್ನೂ ಪ್ರಾಧಿಕಾರದಲ್ಲೇ ಕೇಳಿ.

ಕೆಲಸದ ವಿಷಯ. ಮರಗೆಲಸ, ನೇಯ್ಗೆ, ಹೊಲಿಗೆಯ ಕಾರ್ಖಾನೆಗಳು ಮುಖ್ಯವಾಗಿ ಶಿಕ್ಷೆಯಾದ ‘ಪಕ್ಕಾ’ ಕೈದಿಗಳಿಗಾಗಿ ಇರುವಂಥವು. ಅವರಿಗೆ ಕೂಲಿಯೂ ಉಂಟು. ಆ ಕೂಲಿಯ ಭರವಸೆಯ ಮೇಲೆ 50,000 ರೂಪಾಯಿಯವರೆಗೆ ಸಾಲ ಕೊಡುವ ‘ಜಿವ್ಹಾಳಾ’ ಯೋಜನೆ 2022ರ ಮೇ 1ರಂದು ಯೆರವಡಾದಲ್ಲೇ ಶುರುವಾಯಿತು. ಹೊರಗಿರುವ ಹೆಂಡತಿ ಮಕ್ಕಳು ಬಡ್ಡಿಯವರ ಬಾಗಿಲಿಗೆ ಹೋಗುವುದು ತಪ್ಪುತ್ತದೆ ಎಂದು ನನಗೆ ಅದು ಬಹಳ ಹಿಡಿಸಿತು. ನಿಮ್ಮ ತಮ್ಮನಂಥ, ವಿಚಾರಣೆ ಮುಗಿಯದ ‘ಕಚ್ಚಾ’ ಕೈದಿಯನ್ನು ಕೆಲಸಕ್ಕೆ ಬಲವಂತ ಮಾಡುವಂತಿಲ್ಲ. ತಾನಾಗಿ ಬಯಸಿದರೆ ಅಧಿಕಾರಿಗಳನ್ನು ಕೇಳಬಹುದು. ನನ್ನನ್ನು ಕೇಳಿದರೆ, ಈ ಎರಡು ತಿಂಗಳಲ್ಲಿ ಅವನು ಮರಾಠಿ ಅಕ್ಷರ ಕಲಿಯಲಿ. ಮುಂದೆ ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಕಾಗಿ ಬಾರದು.

ವಾರಕ್ಕೊಂದು ಪತ್ರವನ್ನೂ ಬರೆಯಿರಿ, ಕನ್ನಡದಲ್ಲೇ. 1930ರಲ್ಲಿ ಗಾಂಧೀಜಿ ಇದೇ ಜೈಲಿನಿಂದ ಆಶ್ರಮದವರಿಗೆ ವಾರ ವಾರವೂ ಬರೆಯುತ್ತಿದ್ದರು. ನೀವು ಮನೆಯ ಸುದ್ದಿ ಬರೆದರೆ ಸಾಕು: ಊರಲ್ಲಿ ಮಳೆಯಾಯಿತೇ, ಎಮ್ಮೆ ಕರು ಹಾಕಿತೇ, ಅವ್ವನ ಮೊಣಕಾಲು ನೋವು ಹೇಗಿದೆ. ಮೊದಲ ಪತ್ರದಲ್ಲಿ ಮುಲಾಖತ್ತಿಗೆ ಬರುವ ದಿನವನ್ನು ತಿಳಿಸಿ.