ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವ ಹುಡುಗಿಗೆ

ಪ್ರಶ್ನೆ: ನಾನು ರಾಣೆಬೆನ್ನೂರಿನವಳು, ವಯಸ್ಸು 17, ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಉದ್ರಿ ಬಾಕಿ ವಸೂಲಾಗದೆ ಅಪ್ಪನ ಬೀಜದ ಅಂಗಡಿ ಮುಚ್ಚಿಹೋಯಿತು. ಅಂದಿನಿಂದ ಅವರು ದಿನವೂ ಕುಡಿಯುತ್ತಾರೆ, ಕೆಲವು ರಾತ್ರಿ ಅವ್ವನ ಮೇಲೆ ಕೈ ಮಾಡುತ್ತಾರೆ. ಆಗ ನಾನು ಅಡುಗೆಮನೆಯ ಬಾಗಿಲಲ್ಲಿ ಅಡ್ಡ ನಿಲ್ಲುತ್ತೇನೆ. ಅವ್ವ ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಮನೆ ನಡೆಸುತ್ತಾಳೆ. ಮೈಸೂರಿನ ಕಲಾ ಕಾಲೇಜು ‘ಕಾವಾ’ದಲ್ಲಿ ಚಿತ್ರಕಲೆ ಓದಬೇಕೆಂಬುದು ನನ್ನ ಆಸೆ. ನಾನು ಪ್ರೀತಿಸುವ ಸಹಪಾಠಿ ‘ಇಲ್ಲೇ ಬಿ.ಕಾಂ. ಸೇರು, ಅಲ್ಲಿಗೆ ಹೋದರೆ ನನ್ನನ್ನು ಮರೆತುಬಿಡುತ್ತೀ’ ಎನ್ನುತ್ತಾನೆ. ಈಚೆಗೆ ಅವನ ಮುಖ ಬಿಟ್ಟು ಬೇರೇನನ್ನೂ ಬರೆಯಲಾಗುತ್ತಿಲ್ಲ. ಎಲ್ಲರನ್ನೂ ಬಿಟ್ಟು ಹೋದರೆ ನಾನು ಸ್ವಾರ್ಥಿಯೇ?

ಉತ್ತರ: ನೀವು ಕೇಳಿರುವುದು ಮೈಸೂರಿನ ವಿಷಯವಾದರೂ ನಾನು ಅಡುಗೆಮನೆಯ ಬಾಗಿಲಿನಿಂದಲೇ ಆರಂಭಿಸಬೇಕಾಗಿದೆ. ಕುಡಿದು ಬಂದ ಅಪ್ಪನಿಗೂ ಅವ್ವನಿಗೂ ನಡುವೆ ನಿಲ್ಲುವುದು ಮಗಳ ಕೆಲಸವಲ್ಲ. ನೀವು ನಿಂತಿದ್ದರಿಂದ ಆ ರಾತ್ರಿಯ ಹೊಡೆತ ತಪ್ಪಿರಬಹುದು, ಕುಡಿತವಂತೂ ನಿಂತಿಲ್ಲ. ಮುಂದೊಂದು ದಿನ ಪೆಟ್ಟು ನಿಮಗೇ ಬೀಳಬಹುದು. ಅಂಥ ಹೊತ್ತಿನಲ್ಲಿ ಅವ್ವನೂ ನೀವೂ ಹೋಗಿ ಕೂರಬಹುದಾದ ನೆರೆಮನೆಯೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. 18 ತುಂಬದ ನಿಮಗಾಗಿ 1098, ಅವ್ವನಿಗಾಗಿ 181 ಸಹಾಯವಾಣಿಗಳಿವೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ನೀಡುವ 2005ರ ಕಾಯ್ದೆಯಡಿ ಅವ್ವ ಗಂಡನ ಮನೆ ಬಿಡದೆಯೇ ರಕ್ಷಣೆ ಕೋರಬಹುದೆಂಬುದು ಎಷ್ಟೋ ಹೆಣ್ಣುಮಕ್ಕಳಿಗೆ ತಿಳಿದೇ ಇಲ್ಲ.

ಅಪ್ಪನ ಕುಡಿತ ಆಣೆ-ಪ್ರಮಾಣಗಳಿಂದ ಬಿಡಿಸುವ ಹಂತವನ್ನು ದಾಟಿದಂತೆ ಕಾಣುತ್ತದೆ. ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈನಡುಕ, ಫಿಟ್ಸ್ ಕಾಣಿಸಿಕೊಳ್ಳುವ ಅಪಾಯವಿರುವುದರಿಂದ ಬಿಡಿಸುವ ಕೆಲಸವೂ ವೈದ್ಯರ ಕಣ್ಗಾವಲಿನಲ್ಲೇ ನಡೆಯಬೇಕು. ಹಾವೇರಿಯ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ವಿಚಾರಿಸಿ, ಅಗತ್ಯವಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬಹುದು. ಈ ಮಾತನ್ನು ಅಪ್ಪನಿಗೆ ಹೇಳಬೇಕಾದವರು ನೀವಲ್ಲ. ಅಂಗಡಿಯ ಕಾಲದಿಂದ ಅವರು ಗೌರವಿಸುವ ಹಿರಿಯರೊಬ್ಬರು, ಅಪ್ಪ ಕುಡಿಯದಿರುವ ಬೆಳಗಿನ ಹೊತ್ತು ನೋಡಿ, ಸಾಲದ ಮಾತು ಎತ್ತದೆ ಹೇಳಲಿ. ನಿಮಗೇ ಮನಸ್ಸು ಕುಗ್ಗಿದಾಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಓದು. ಚಿತ್ರಕಲೆಯ ಪದವಿ ನಿಮ್ಮ ಊರಿಗೆ ಹತ್ತಿರದ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲೂ ಇದೆ, ದಿನವೂ ಹೋಗಿಬರಬಹುದು. ‘ಅಲ್ಲೇ ಸೇರಿಬಿಡಿ’ ಎಂದು ಈ ಉತ್ತರವನ್ನು ಮುಗಿಸುವುದು ನನಗೆ ಸುಲಭವಾಗಿತ್ತು. ಆದರೆ ಪ್ರತಿ ಸಂಜೆ ಮನೆಗೆ ಮರಳಿ ಅದೇ ಬಾಗಿಲಲ್ಲಿ ನಿಲ್ಲುವುದಕ್ಕಾಗಿ ದಾವಣಗೆರೆಯನ್ನು ಆರಿಸುವುದಾದರೆ ಆ ಆಯ್ಕೆ ನನಗೆ ಒಪ್ಪಿಗೆಯಿಲ್ಲ. ಅಲ್ಲಿನ ಪಾಠ, ಶಿಕ್ಷಕರು, ಖರ್ಚು ಹಿಡಿಸಿದರೆ ಸೇರಿ, ಕಾವಲಿಗಾಗಿ ಬೇಡ. ಸ್ವಾರ್ಥವೇ ಎಂದು ನನ್ನನ್ನು ಕೇಳಿದ್ದೀರಿ, ಅವ್ವನನ್ನು ಕೇಳಿದ್ದೀರಾ? ಅಪ್ಪನ ಸಿಟ್ಟು, ಆ ಹುಡುಗನ ಮಾತು ಎಲ್ಲವೂ ಇರುವ ಪತ್ರದಲ್ಲಿ, ಯಾರಿಗಾಗಿ ಉಳಿಯಬೇಕೆಂದುಕೊಂಡಿದ್ದೀರೋ ಆ ಅವ್ವ ಏನನ್ನುತ್ತಾಳೆಂಬುದಕ್ಕೆ ಒಂದು ಸಾಲೂ ಇಲ್ಲ. ಸಂಜೆ ಹಿಟ್ಟು ನಾದುವಾಗ ಪಕ್ಕದಲ್ಲಿ ಕೂತು ಕೇಳಿ. ಮಗಳು ಓದಲಿ ಎಂದೇ ಆಕೆ ಅಷ್ಟು ರೊಟ್ಟಿ ಬಡಿಯುತ್ತಿರಬಹುದು.

ಅವನ ಮುಖ ಬಿಟ್ಟು ಬೇರೇನೂ ಬರುವುದಿಲ್ಲ ಎಂದಿದ್ದೀರಿ. ಆದರೆ ನಿಮ್ಮ ಪತ್ರದ ಹಿಂಬದಿಯಲ್ಲೇ, ಬಹುಶಃ ಅರಿವಿಲ್ಲದೆ, ರೊಟ್ಟಿ ಬಡಿಯುವ ಕೈಯೊಂದನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದೀರಿ. ಹೆಬ್ಬೆರಳು ಹೊರಗೆ ಚಾಚಿದೆ, ಬಳೆಯ ಒಳಅಂಚಿಗೆ ಹಿಟ್ಟು ಮೆತ್ತಿದೆ. ನೋಡಿ ಬರೆದ ಕೈ ಅದು. ಜೊತೆಗಿಟ್ಟ ಅವನ ಚಿತ್ರ ಚೆಂದವಾಗಿದೆ ನಿಜ, ಆದರೆ ಫೋಟೊ ನೋಡಿ ತಿದ್ದಿದ್ದೆಂಬುದು ಕೂದಲಿನ ಹೊಳಪಿನಲ್ಲೇ ತಿಳಿಯುತ್ತದೆ. (ಒಲಿದವರ ಮುಖವನ್ನು ನಾವು ಯಾರೂ ಸರಿಯಾಗಿ ನೋಡುವುದಿಲ್ಲ, ಬಿಡಿ.) ಪ್ರವೇಶಕ್ಕೆ ಸಿದ್ಧವಾಗಲು ಕಣ್ಣೆದುರಿಗಿರುವುದನ್ನು ನೋಡಿ ಬರೆಯುವ ಅಭ್ಯಾಸವೇ ಬೇಕಾದದ್ದು: ಬಸ್ ನಿಲ್ದಾಣದಲ್ಲಿ ಕೂತವರು, ಸಂತೆಯ ತಕ್ಕಡಿ, ಮನೆಯ ಪಾತ್ರೆಗಳು. ದಿನಕ್ಕೆ ಅರ್ಧ ಗಂಟೆಯಾದರೂ ಮನೆಯ ಗದ್ದಲದಿಂದ ದೂರ, ಕಾಲೇಜಿನ ಗ್ರಂಥಾಲಯದಲ್ಲೋ ಗೆಳತಿಯ ಮನೆಯಲ್ಲೋ ಕೂತು ಬರೆಯಿರಿ.

ಆ ಹುಡುಗ ಕೆಟ್ಟವನೆಂದು ನನಗೆ ಅನ್ನಿಸುವುದಿಲ್ಲ. ನಿಮ್ಮನ್ನು ಕಳೆದುಕೊಳ್ಳುವ ಭಯ ಅವನನ್ನು ಹಾಗೆ ಮಾತನಾಡಿಸುತ್ತಿದೆ. ಆದರೂ ಅವನ ಭಯಕ್ಕೆ ನಿಮ್ಮ ನಾಲ್ಕು ವರ್ಷದ ಪದವಿಯನ್ನು ಒತ್ತೆಯಿಡುವುದು ಬೇಡ. ಪ್ರೀತಿಯನ್ನು ಮುರಿಯಿರಿ ಎಂದು ನಾನು ಹೇಳುತ್ತಿಲ್ಲ. ಮೈಸೂರಿಗೂ ದಾವಣಗೆರೆಗೂ ಅರ್ಜಿ ಹಾಕಿ, ಹಾಕಿದ ಮೇಲೆ ಅವನಿಗೆ ತಿಳಿಸಿ. ಅನುಮತಿ ಕೇಳುವ ದನಿಯಲ್ಲಿ ಬೇಡ. ಮುನಿಸಿಕೊಂಡರೆ ಕೆಲವು ದಿನ ಕಾಯಿರಿ. ‘ಚಿತ್ರ ಬೇಕೋ ನಾನು ಬೇಕೋ’ ಎಂದು ಪಟ್ಟು ಹಿಡಿದರೆ ಮಾತ್ರ ಈ ಸಂಬಂಧದ ಬಗ್ಗೆ ಮತ್ತೊಮ್ಮೆ ಯೋಚಿಸಿ.

ಈ ನಡುವೆ ನಾಡಕಚೇರಿಗೆ ಹೋಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮಾಡಿಸಿಟ್ಟುಕೊಳ್ಳಿ. ವಿದ್ಯಾರ್ಥಿವೇತನಕ್ಕೂ ಸರ್ಕಾರಿ ಹಾಸ್ಟೆಲಿಗೂ ಅವನ್ನೇ ಮೊದಲು ಕೇಳುತ್ತಾರೆ, ಫಲಿತಾಂಶದ ನಂತರ ಅಲ್ಲಿ ಸರದಿ ಉದ್ದವಿರುತ್ತದೆ.