ನಗು ಅರ್ಧದಲ್ಲೇ ನಿಂತದ್ದೇಕೆ?

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದ ಡಗ್ಲಸ್ ಆಡಮ್ಸ್ ಅವರ ಬಾಹ್ಯಾಕಾಶದ ಹಾಸ್ಯ ಕಾದಂಬರಿ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ’ಯನ್ನು ಮೂವತ್ತು ವರ್ಷಗಳ ಮೇಲೆ ಮತ್ತೆ ಓದಿದೆ. ಅರ್ಧದವರೆಗೆ ನಗು ಬಂತು. ಆಮೇಲೆ ಕತೆ ಜಾಳಾಗಿ, ತಟ್ಟನೆ ಮುಗಿದೇಹೋಯಿತು. ವಯಸ್ಸಾದದ್ದು ನನಗೋ, ಪುಸ್ತಕಕ್ಕೋ?

ಉತ್ತರ: ವಯಸ್ಸಿನ ಮೇಲೆ ಹಾಕಬೇಡಿ. ಈ ದೋಷ 1979ರಲ್ಲಿ ಪುಸ್ತಕ ಅಚ್ಚಾದಾಗಲೇ ಇತ್ತು. ಇದು ಮೂಲದಲ್ಲಿ ಕಾದಂಬರಿಯೇ ಅಲ್ಲ. 1978ರ ಮಾರ್ಚ್‌ನಲ್ಲಿ ಬಿಬಿಸಿ ರೇಡಿಯೊ 4ರಲ್ಲಿ ಶುರುವಾದ ಆರು ಕಂತುಗಳ ಬಾನುಲಿ ನಾಟಕ. ಪುಸ್ತಕಕ್ಕೆ ಬಂದದ್ದು ಮೊದಲ ನಾಲ್ಕೇ. ನಾಲ್ಕನೆಯದು ನಿಲ್ಲುವುದು ಕೇಳುಗರನ್ನು ಮುಂದಿನ ವಾರಕ್ಕೆ ಕಾಯಿಸುವ ಸ್ಫೋಟದಲ್ಲಿ. ಕಾದಂಬರಿಯಲ್ಲಿ ಅದರ ಬದಲು ಜೋಲುಮೋರೆಯ ರೋಬೋ ಮಾರ್ವಿನ್, ನಾಯಕನ ತಂಡವನ್ನು ಬೆನ್ನಟ್ಟಿದ ಪೊಲೀಸರ ನೌಕೆಯ ಕಂಪ್ಯೂಟರಿಗೆ ತನ್ನ ಗೋಳು ಹೇಳಿಕೊಳ್ಳುತ್ತದೆ. ಕಂಪ್ಯೂಟರ್ ಜಿಗುಪ್ಸೆಯಿಂದ ಆತ್ಮಹತ್ಯೆ ಮಾಡಿಕೊಳ್ಳುತ್ತದೆ, ಅದನ್ನೇ ನಂಬಿದ್ದ ಪೊಲೀಸರ ಉಸಿರೂ ನಿಲ್ಲುತ್ತದೆ. ಜೋಕು ಸೊಗಸಾಗಿದೆ, ಆದರೆ ಒಂದು ಕಾದಂಬರಿಯ ಮುಕ್ತಾಯದ ಭಾರ ಹೊರುವಷ್ಟು ಗಟ್ಟಿಯಿಲ್ಲ.

ನಡುವಿನ ಜಾಳು ಮಗ್ರಥೀಯ ಗ್ರಹದ್ದು. ಅಲ್ಲಿ ಪಾತ್ರಗಳು ಮಾಡುವುದಕ್ಕಿಂತ ವಿವರಣೆ ಕೇಳುವುದೇ ಹೆಚ್ಚು. ರೇಡಿಯೊದಲ್ಲಿ ದನಿ, ಸದ್ದು ಅದನ್ನು ಎತ್ತಿ ನಿಲ್ಲಿಸುತ್ತವೆ. ಪುಟದ ಮೇಲೆ ಆ ಆಸರೆಯಿಲ್ಲ.

ಜೋಕುಗಳಲ್ಲಿ ಕೆಲವು ನಿಜಕ್ಕೂ ಹಳಸಿವೆ. ಫೋರ್ಡ್ ಪ್ರಿಫೆಕ್ಟ್ ಎಂಬ ಪಾತ್ರಕ್ಕಿರುವುದು ಇಂಗ್ಲೆಂಡಿನ ಒಂದು ಹಳೆಯ ಸಾಧಾರಣ ಕಾರಿನ ಹೆಸರು. ಆ ಕಾರನ್ನು ಕಾಣದವರಿಗೆ ಆ ಹೆಸರಿನಲ್ಲಿ ತಮಾಷೆಯೇ ಇಲ್ಲ. ಭೂಮಿಯ ಜನ ಡಿಜಿಟಲ್ ವಾಚನ್ನೇ ದೊಡ್ಡದೆಂದುಕೊಂಡಿದ್ದಾರೆ ಎಂಬ ಕುಚೋದ್ಯವೂ ಅಷ್ಟೆ. ಇನ್ನು ಕೆಲವು ಈಗಲೇ ಹೆಚ್ಚು ಖಾರ: ಕೈಯಾಡಿಸಿದರೆ ಸ್ಟೇಷನ್ ಬದಲಾಗುವ ರೇಡಿಯೊ, ಬೇಕಾದ್ದನ್ನು ಕೇಳಬೇಕೆಂದರೆ ಕದಲದೆ ಕೂರಬೇಕು! ಮುಚ್ಚುವಾಗ ಧನ್ಯತೆಯಿಂದ ನಿಟ್ಟುಸಿರು ಬಿಡುವ ಬಾಗಿಲು. ಕತೆಯ ನಾಯಕ ಆರ್ಥರ್‌ನ ಮನೆ ಕೆಡವುವ ಯೋಜನೆಯನ್ನು ‘ಸಾರ್ವಜನಿಕರ ಪರಿಶೀಲನೆಗೆ’ ಇಟ್ಟದ್ದೆಲ್ಲಿ? ದೀಪವೂ ಮೆಟ್ಟಿಲೂ ಇಲ್ಲದ ನೆಲಮಾಳಿಗೆಯ ಪಾಳು ಕಕ್ಕಸಿನಲ್ಲಿ, ಬೀಗ ಹಾಕಿದ ಬೀರುವಿನ ತಳದಲ್ಲಿ; ಬಾಗಿಲಿಗೆ ‘ಚಿರತೆಯಿದೆ, ಎಚ್ಚರಿಕೆ’ ಎಂಬ ಬೋರ್ಡು. ತಾಲ್ಲೂಕು ಕಚೇರಿ ಕಂಡವರಿಗೆ ಇದಕ್ಕೆ ಟಿಪ್ಪಣಿ ಬೇಡ.

ಮತ್ತೆ ಓದುವುದಾದರೆ ಮೊದಲು ಬಾನುಲಿಯ ಆರೂ ಕಂತು ಕೇಳಿ, ಒಂದೊಂದೂ ಅರ್ಧ ಗಂಟೆ. ಆಮೇಲೆ ಮೊದಲ ಪುಸ್ತಕವನ್ನೂ 1980ರ ‘ದ ರೆಸ್ಟೋರೆಂಟ್ ಅಟ್ ದಿ ಎಂಡ್ ಆಫ್ ದ ಯೂನಿವರ್ಸ್’ ಅನ್ನೂ ಒಂದರ ಬೆನ್ನಿಗೆ ಒಂದರಂತೆ, ಒಂದೇ ಕಾದಂಬರಿಯೆಂದುಕೊಂಡು ಓದಿ. ಇತಿಹಾಸಪೂರ್ವದ ಭೂಮಿಗೆ ಬಂದು ನಿಂತಾಗ ಕತೆಗೆ ನಿಜವಾದ ಕೊನೆ ಸಿಗುತ್ತದೆ. ದಿನಕ್ಕೆ ನಾಲ್ಕೈದು ಅಧ್ಯಾಯ ಸಾಕು. ಒಂದೇ ಪಟ್ಟಿಗೆ ಓದಿದರೆ ವ್ಯಂಗ್ಯದ ವರಸೆ ಮೊದಲೇ ಗೊತ್ತಾಗಿ ನಗು ಇಳಿಯುತ್ತದೆ. 1982ರ ಮೂರನೆಯ ಪುಸ್ತಕ, ಬಿಬಿಸಿಯ ಟಿವಿ ಧಾರಾವಾಹಿ ‘ಡಾಕ್ಟರ್ ಹೂ’ಗಾಗಿ ಯೋಚಿಸಿ ಬಳಕೆಯಾಗದೆ ಉಳಿದ ಕತೆಯಿಂದ ಎದ್ದದ್ದು, ತೇಪೆ ಕಾಣುತ್ತದೆ. 1992ರ ಐದನೆಯದು ತೀರಾ ಕಹಿ. ನಗಬೇಕೆಂದು ಕೂತ ದಿನ ಅದನ್ನು ಮುಟ್ಟಬೇಡಿ.