ಒಣ ಕಸದಿಂದ ಹೈಡ್ರೋಜನ್: ಈ ದಾರಿ ಹಿಡಿಯಬಹುದೇ?

ಪ್ರಶ್ನೆ: ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಕೃಷಿ ತ್ಯಾಜ್ಯದಿಂದ ಇಂಧನ ತೆಗೆಯುವ ಸಂಶೋಧನೆ ಮಾಡುವಾಸೆ. ಮನೆಯಲ್ಲಿ ಸಾಫ್ಟ್‌ವೇರ್‌ಗೆ ಸೇರು ಅಂತಾರೆ. ಏನು ಮಾಡಲಿ?
– ಓದುಗ, ಮಂಡ್ಯ

ಉತ್ತರ: ನಿಮ್ಮ ಆಸೆ ನನಗೆ ತುಂಬಾ ಹಿಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಸ್. ದಾಸಪ್ಪ ಅವರ ಕೆಲಸ ನೋಡಿ. ವರ್ಷಗಟ್ಟಲೆ ಗ್ಯಾಸಿಫೈಯರ್ ಬೆನ್ನು ಹತ್ತಿದವರು ಅವರು. ಕಟ್ಟಿಗೆ ಚೂರು, ತೆಂಗಿನ ಚಿಪ್ಪಿನಂಥದ್ದನ್ನು ಪೂರ್ತಿ ಉರಿಯಲು ಬಿಡದೆ, ಕಡಿಮೆ ಗಾಳಿ ಕೊಟ್ಟು ಗ್ಯಾಸ್ ಮಾಡುವ ಯಂತ್ರ ಅದು. ಗಾಳಿಯ ಬದಲು ಆಮ್ಲಜನಕ ಮತ್ತು ಹಬೆ ಕೊಟ್ಟು, ಒಂದು ಕಿಲೋ ಇಂಥ ಒಣ ಕಸದಿಂದ (ಬಯೋಮಾಸ್) 100 ಗ್ರಾಂ ಹೈಡ್ರೋಜನ್ ತೆಗೆಯುವ ಅವರ ತಂಡದ ವಿಧಾನ 2022ರಲ್ಲಿ ಸುದ್ದಿಯಾಯಿತು. ಆ ಒಂದು ಕಿಲೋದಲ್ಲಿ ಇರುವುದೇ ಸುಮಾರು 60 ಗ್ರಾಂ! ಉಳಿದದ್ದು ಹಬೆಯಿಂದ ಬರುತ್ತದೆ. ಎಂಥಾ ಚೆಂದದ ಲೆಕ್ಕ ಅಲ್ವಾ?

ಆದರೆ ದಾರಿ ಸುಲಭವಲ್ಲ. ಗ್ಯಾಸ್ ಜೊತೆ ಜಿಗುಟಾದ ಟಾರ್ ಬರುತ್ತದೆ. ಅದನ್ನು ತೆಗೆಯದಿದ್ದರೆ ಆ ಗ್ಯಾಸ್‌ನಿಂದ ಓಡುವ ಎಂಜಿನ್ ಕೆಡುತ್ತದೆ. ತಾಳ್ಮೆ ಬೇಕಾಗುವುದು ಇಲ್ಲೇ. ಥರ್ಮೋಡೈನಮಿಕ್ಸ್ (ಶಾಖ, ಶಕ್ತಿಯ ಲೆಕ್ಕ ಹೇಳುವ ವಿಷಯ) ಗಟ್ಟಿ ಮಾಡಿಕೊಂಡು, ಎಂ.ಟೆಕ್‌ನಂಥ ಮುಂದಿನ ಓದಿಗೆ ಬೇಕಾದ ಗೇಟ್ ಪರೀಕ್ಷೆ ಬರೆಯಿರಿ. ಸೀಟು ಸಿಕ್ಕರೆ ಓದುವಾಗಲೇ ಸ್ಟೈಪೆಂಡ್ ಬರುತ್ತದೆ. ಮನೆಯವರಿಗೆ ಮೊದಲು ಇದನ್ನೇ ಹೇಳಿ.